ಊರಿನ ಹೆಸರಿನ ಮೂಲ ಹುಡುಕೋದು ಹೇಗೆ?

ಯಾವ ಊರಿಗೆ ಹೋಗಿ ಕೇಳಿದರೂ ಹೆಸರಿನ ಹಿಂದೆ ಒಂದು ಕಥೆ ಇದ್ದೇ ಇರುತ್ತದೆ. ಕಥೆಯನ್ನು ಬರೆದಿಟ್ಟುಕೊಳ್ಳಿ, ಆದರೆ ಅಲ್ಲಿಂದ ಶುರು ಮಾಡಬೇಡಿ. ಮೊದಲು ಆ ಊರನ್ನು ಯಾವ್ಯಾವ ಭಾಷೆಯವರು ಏನಂತ ಕರೆಯುತ್ತಾರೋ ಅದನ್ನು ಕಿವಿಗೆ ಬಿದ್ದ ಹಾಗೇ ಪಟ್ಟಿ ಮಾಡಿ.

ಮಂಗಳೂರನ್ನೇ ತಗೊಳ್ಳಿ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ, ಇಂಗ್ಲಿಷಿನಲ್ಲಿ ಮ್ಯಾಂಗಲೋರ್. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಅರಬ್ಬಿಯಲ್ಲಿ ಬರೆದದ್ದು ಮಂಜರೂರ್. ಈಗ ಇವನ್ನು ಗುಂಪು ಮಾಡಿ. ಮಂಗಲಾಪುರಂ, ಮ್ಯಾಂಗಲೋರ್, ಮಂಜರೂರ್ ಮೂರೂ ಒಂದೇ ಬೇರಿನವು. ಅರಬ್ಬಿಯಲ್ಲಿ 'ಗ'ಕ್ಕೆ ಅಕ್ಷರ ಇಲ್ಲದ್ದರಿಂದ 'ಜ' ಬಂತು, ಅಷ್ಟೇ. ಕುಡ್ಲ ಹಾಗಲ್ಲ, ಅದು ಬೇರೆಯದೇ ಹೆಸರು. ನೇತ್ರಾವತಿ, ಗುರುಪುರ ಹೊಳೆಗಳು ಕೂಡುವ ಜಾಗ ಅನ್ನೋದು ಅದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಹೀಗಿದ್ದಾಗ ಎಲ್ಲವನ್ನೂ ಸುಮ್ನೆ ಒಂದೇ ಮೂಲಕ್ಕೆ ಎಳೆದು ಕಟ್ಟಬೇಡಿ, ಬೇರೆ ಬೇರೆಯಾಗಿ ಹುಡುಕಿ.

ಆಮೇಲೆ ಹೆಸರಿನ ಬಾಲ ನೋಡಿ. ಬೊಮ್ಮಸಂದ್ರದ 'ಸಂದ್ರ' ಅಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. 'ಹಳ್ಳಿ' ಮೊದಲು 'ಪಳ್ಳಿ' ಆಗಿತ್ತು. ಹಳಗನ್ನಡದ 'ಪ' ಮುಂದೆ 'ಹ' ಆಯಿತು, ತಮಿಳು ತೆಲುಗಿನಲ್ಲಿ ಹಾಗೇ ಉಳಿಯಿತು. ಆದ್ದರಿಂದ ಹಳೇ ಶಾಸನಗಳಲ್ಲಿ ಹುಡುಕುವಾಗ 'ಹ' ಇರುವ ಹೆಸರನ್ನು 'ಪ' ಇಟ್ಟೂ ನೋಡಿ, ಇಲ್ಲದಿದ್ದರೆ ಎದುರಿಗೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಶಾಸನ ಎಲ್ಲಿ ಸಿಗುತ್ತದೆ? ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ. ಜಿಲ್ಲೆ, ತಾಲ್ಲೂಕಿನ ಪ್ರಕಾರ ಜೋಡಿಸಿದ್ದಾರೆ, ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ, ಯಾಕಂದರೆ ಕಥೆಯನ್ನು ಒರೆಗೆ ಹಚ್ಚೋದು ಇಲ್ಲೇ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು, ಅದೇ ಬೆಂಗಳೂರು ಅಂತ ಎಲ್ಲರೂ ಕೇಳಿದ್ದೀವಿ ಅಲ್ವಾ? ಈ ವೀರಬಲ್ಲಾಳ, ಅಂದರೆ ಎರಡನೇ ಬಲ್ಲಾಳ, ಪಟ್ಟಕ್ಕೆ ಬಂದದ್ದು 12ನೇ ಶತಮಾನದಲ್ಲಿ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು 890ರ ಗಂಗರ ಕಾಲದ ವೀರಗಲ್ಲಿನಲ್ಲೇ 'ಬೆಂಗಳೂರ ಕಾಳಗ' ಅಂತ ಇದೆ. ಬಲ್ಲಾಳ ಹುಟ್ಟೋ ಮೊದಲೇ ಹೆಸರಿತ್ತು. ಕಥೆ ಚೆನ್ನಾಗಿದೆ, ಮೂಲ ಮಾತ್ರ ಅದಲ್ಲ.

ಇನ್ನು ಇಂಗ್ಲಿಷ್ ದಾಖಲೆ, ನಕಾಶೆ ನೋಡುವವರು ಹಳೇ ಸ್ಪೆಲ್ಲಿಂಗ್ ಇಟ್ಟುಕೊಂಡೇ ಹುಡುಕಬೇಕು. 2014ರ ನವೆಂಬರ್ 1ಕ್ಕಿಂತ ಹಿಂದಿನ ಕಾಗದಪತ್ರಗಳಲ್ಲಿ ಕಲಬುರಗಿ ಅಂದರೆ ಗುಲ್ಬರ್ಗಾ, ಬೆಳಗಾವಿ ಅಂದರೆ ಬೆಲ್ಗಾಂ, ಹುಬ್ಬಳ್ಳಿ ಅಂದರೆ ಹುಬ್ಲಿ.