ಕೆಂಪು ಪೆಟ್ಟಿಗೆ ಖಾಲಿಯಾದದ್ದು: 8ಡಿ ಪದ್ಧತಿಯನ್ನು ನಾನು ಬಳಸಿದ ಬಗೆ

8ಡಿ ಎಂದರೆ ದೋಷದ ಕಾರಣ ಹುಡುಕಿ ಸರಿಪಡಿಸುವ ಎಂಟು ಹಂತಗಳ ಪದ್ಧತಿ; ಅದರ ಫಾರಂ ತುಂಬಲು ಯಂತ್ರಭಾಗ ಮಾಡುವ ನಮ್ಮ ಕೆಲಸದಲ್ಲಿ ಬಾರದವರಿಲ್ಲ. ದೂರು ಬಂತೆಂದರೆ ಮರುದಿನದೊಳಗೆ ವರದಿ ಹೋಗಬೇಕು, ಹೋಗಿಯೂ ಹೋಗುತ್ತದೆ. ಮೊದಲು ಐದನೇ ಹಂತದ ಪರಿಹಾರ ಬರೆಯುತ್ತಾರೆ, ಅದಕ್ಕೊಪ್ಪುವ ಕಾರಣವನ್ನು ನಾಲ್ಕನೇ ಹಂತದಲ್ಲಿ ಕೂರಿಸುತ್ತಾರೆ, ಕೊನೆಗೆ ಸಮಸ್ಯೆ ವಿವರಿಸುವ ಎರಡನೇ ಹಂತದಲ್ಲಿ ‘ಬೋರ್ ಅಳತೆಯಲ್ಲಿ ವ್ಯತ್ಯಾಸ’, ಅಂದರೆ ಕೊರೆದ ರಂಧ್ರದ ಅಳತೆ ತಪ್ಪಿದೆ, ಎಂದು ಗೀಚಿ ಕೈತೊಳೆದುಕೊಳ್ಳುತ್ತಾರೆ. ಇದನ್ನು ನೋಡಿ ನೋಡಿ ನಮ್ಮ ಉತ್ಪಾದನಾ ಮುಖ್ಯಸ್ಥರಿಗೆ ಈ ಪದ್ಧತಿಯ ಮೇಲಿದ್ದ ನಂಬಿಕೆಯೇ ಹೊರಟುಹೋಗಿತ್ತು. “ಫಾರಂ ತುಂಬಿದರೆ ಬೋರ್ ಸರಿಹೋಗುತ್ತದೆಯೇ?” ಎಂದು ಸಭೆಯಲ್ಲಿ ಎಲ್ಲರೆದುರು ಕೇಳಿದರು. ನಾನು ಒಂದು ಹಂತವನ್ನೂ ಹಾರದೆ, ಕಾರಣಕ್ಕೆ ಮುಂಚೆ ಸಮಸ್ಯೆ, ಪರಿಹಾರಕ್ಕೆ ಮುಂಚೆ ಕಾರಣ ಎಂಬ ಕ್ರಮದಲ್ಲೇ ಮಾಡಿದೆ. ಬೋರ್ ಸರಿಹೋಯಿತು. ಹೇಗೆಂದು ಬರೆಯುತ್ತಿದ್ದೇನೆ.

ಭಾಗ ಅಲ್ಯೂಮಿನಿಯಂ ಹೌಸಿಂಗ್, ಅಂದರೆ ಬೇರಿಂಗನ್ನು ಹಿಡಿದಿಡುವ ಕವಚ. ಬೇರಿಂಗ್ ಕೂರುವ ಬೋರ್ 50 ಮಿಲಿಮೀಟರ್, H7 ಸಹನೆ, ಅಂದರೆ ಅದಕ್ಕಿಂತ ಹೆಚ್ಚಿರಬಹುದಾದದ್ದು ಸೊನ್ನೆಯಿಂದ 25 ಮೈಕ್ರಾನ್‌ವರೆಗೆ. ಜೋಡಣೆಯಲ್ಲಿ ಬೇರಿಂಗ್ ಒತ್ತುವಾಗ ಪ್ರೆಸ್‌ನ ಒತ್ತಡ ಮಿತಿ ದಾಟುತ್ತಿತ್ತು, ಅಂದರೆ ಬೋರ್ ಚಿಕ್ಕದು. ಇತ್ತ ಯಂತ್ರದ ಬಳಿ ಗೇಜ್ ನೋಡಿ ‘ದೊಡ್ಡದು’ ಎಂದು ತೆಗೆದಿಟ್ಟ ಭಾಗಗಳಿಂದ ಕೆಂಪು ಪೆಟ್ಟಿಗೆ ತುಂಬುತ್ತಿತ್ತು. ಒಂದೇ ಯಂತ್ರದಿಂದ, ಒಂದೇ ದಿನ, ದೊಡ್ಡದೂ ಬರುತ್ತದೆ ಚಿಕ್ಕದೂ ಬರುತ್ತದೆ. ಎರಡೂ ಸೇರಿ ನೂರಕ್ಕೆ ನಾಲ್ಕೈದು ರಿಜೆಕ್ಷನ್.

ನನಗಿಂತ ಮುಂಚೆ ನಡೆದ ಪ್ರಯತ್ನಗಳನ್ನು ಹೇಳಲೇಬೇಕು, ಏಕೆಂದರೆ ಬಹಳಷ್ಟು ಹಣ ಹೋದದ್ದು ಅಲ್ಲಿ. ಇರಬಹುದಾದ ಕಾರಣಗಳನ್ನು ಕವಲು ಕವಲಾಗಿ ತೋರಿಸುವ ಮೀನಿನ ಮುಳ್ಳಿನ ಚಿತ್ರ ಬರೆಯಲು ಹತ್ತಾರು ಜನ ಕೂತರು. ಸುಮಾರು ನಲವತ್ತು ಕಾರಣಗಳು ಬಂದವು. ಅವುಗಳಿಗೆ ಮತ ಹಾಕಿಸಿದರು. ಕಾರಣವನ್ನು ಬಹುಮತದಿಂದ ಆರಿಸುವುದನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಗೆದ್ದದ್ದು ಸ್ಪಿಂಡಲ್, ಯಂತ್ರದ ತಿರುಗುವ ಮುಖ್ಯ ದಂಡ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ಮರುವಾರವೇ ಸ್ಪಿಂಡಲ್ ಬಿಚ್ಚಿ ಬೇರಿಂಗ್ ಬದಲಿಸಿದರು. ಆ ಯಂತ್ರದ ವರ್ಷದ ನಿರ್ವಹಣಾ ಹಣದಲ್ಲಿ ಮೂರನೇ ಒಂದು ಪಾಲು ಅಲ್ಲಿಗೇ ಮುಗಿಯಿತು. ರಿಜೆಕ್ಷನ್ ಕದಲಲಿಲ್ಲ. ಆಮೇಲೆ ದುಬಾರಿ ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ತಂದರು, ಹಿಂದಿನದಕ್ಕಿಂತ ಒಂದೂವರೆ ಪಟ್ಟು ಬೆಲೆ. ಅಂಚಿನ ಬಾಳಿಕೆ ಹೆಚ್ಚಿತು, ಬೋರ್ ಮಾತ್ರ ಹಾಗೆಯೇ ಇತ್ತು. ಕೊನೆಗೆ ಐದು ‘ಏಕೆ’ ಕೇಳಿದರು, ಅಂದರೆ ಬಂದ ಪ್ರತಿ ಉತ್ತರಕ್ಕೂ ಮತ್ತೆ ಏಕೆ ಎಂದು ಕೇಳುತ್ತಾ ಹೋದರು. ಐದನೆಯದಕ್ಕೆ ಬಂದ ಉತ್ತರ ‘ಆಪರೇಟರ್‌ಗೆ ತರಬೇತಿ ಸಾಲದು’. ಐದು ‘ಏಕೆ’ ಮನುಷ್ಯನ ಹೆಸರಿನ ಮೇಲೆ ಹೋಗಿ ನಿಂತರೆ ಅದು ಇನ್ನೂ ಅರ್ಧ ದಾರಿ ಎಂಬುದು ನನ್ನ ಗಟ್ಟಿ ನಿಲುವು. ಹಗಲಿನ ಆಪರೇಟರ್‌ಗೆ ಎರಡು ಬಾರಿ ತರಬೇತಿಯಾಯಿತು. ಪಾಪ, ಆತ ಇನ್ನಷ್ಟು ಶ್ರದ್ಧೆಯಿಂದ ಅಳೆಯತೊಡಗಿದ. ರಿಜೆಕ್ಷನ್ ತುಸು ಏರಿತು. ಏಕೆ ಏರಿತು ಎಂಬುದು ಮುಂದೆ ಬರುತ್ತದೆ.

ಕೆಲಸ ನನ್ನ ಕೈಗೆ ಬಂದಾಗ ಮೊದಲು ಮೂರನೇ ಹಂತದ ತಾತ್ಕಾಲಿಕ ತಡೆ ಹಾಕಿದೆ. ಹೋಗುವ ಪ್ರತಿ ಭಾಗವನ್ನೂ ಜೋಡಣೆಗೆ ಮುನ್ನ ಇನ್ನೊಮ್ಮೆ ಅಳೆಯುವುದು. ಶಿಫ್ಟಿಗೆ ಇಬ್ಬರು ಹೆಚ್ಚುವರಿ ಜನ ಬೇಕಾದರು. ಅವರ ಸಂಬಳ ತಿಂಗಳ ಸ್ಕ್ರ್ಯಾಪ್ ಹಣಕ್ಕೆ ಹತ್ತಿರ ಹತ್ತಿರ ಬರುತ್ತಿತ್ತು, ಹಾಗಾಗಿ ಲೆಕ್ಕಪತ್ರ ವಿಭಾಗ ದಿನಾ ಬೆನ್ನು ಬಿದ್ದಿತ್ತು. ಆ ಒತ್ತಡ ಒಳ್ಳೆಯದೇ ಆಯಿತು. ತಡೆ ಅಗ್ಗವಾಗಿದ್ದರೆ ಎಲ್ಲರೂ ಅದನ್ನೇ ಪರಿಹಾರವೆಂದು ಒಪ್ಪಿಕೊಂಡು ಸುಮ್ಮನಾಗುತ್ತಿದ್ದರು.

ನಂತರ ಎರಡನೇ ಹಂತ. ಇಲ್ಲಿ ನಾನು ಎರಡು ವಾರಕ್ಕೂ ಹೆಚ್ಚು ಕಾಲ ಕುಳಿತೆ. “ಇನ್ನೂ ಸಮಸ್ಯೆ ಏನೆಂದೇ ಬರೆಯುತ್ತಿದ್ದೀರಾ?” ಎಂದು ಕೇಳಿದವರು ಬಹಳ ಮಂದಿ. ಸಮಸ್ಯೆ ಬಿಡಿಸುವ ವಿಧಾನಗಳ ತಜ್ಞರಾದ ಕೆಪ್ನರ್ ಮತ್ತು ಟ್ರೆಗೊ ರೂಢಿಗೆ ತಂದ ‘ಇದೆ–ಇಲ್ಲ’ ಪಟ್ಟಿಯನ್ನು ಗೋಡೆಯಗಲ ಕಾಗದದಲ್ಲಿ ಹಾಕಿದೆ. ದೋಷ ಎಲ್ಲಿ ಇದೆ, ಇರಬಹುದಾಗಿದ್ದರೂ ಎಲ್ಲಿ ಇಲ್ಲ. ಯಾವಾಗ ಇದೆ, ಯಾವಾಗ ಇಲ್ಲ. ಕಾರಣ ಎಂಬ ಮಾತನ್ನು ಆ ಕಾಗದದ ಮುಂದೆ ಆಡಕೂಡದು ಎಂದು ಹೇಳಿದ್ದೆ. ಎಡಗಡೆಯ ‘ಇದೆ’ ಎಲ್ಲರಿಗೂ ಗೊತ್ತಿರುತ್ತದೆ. ಕೆಲಸ ಮಾಡುವುದು ಬಲಗಡೆಯ ‘ಇಲ್ಲ’.

ಬಲಗಡೆ ಮೂರು ಸಂಗತಿಗಳು ಎದ್ದು ಕಂಡವು. ಪಕ್ಕದಲ್ಲೇ ಅದೇ ಮಾದರಿಯ ಎರಡನೇ ಯಂತ್ರವಿದೆ. ಅದೇ ಡ್ರಾಯಿಂಗ್, ಅದೇ ಟೂಲ್, ಅದೇ ಎರಕ. ಅಲ್ಲಿ ದೂರು ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯದು, ಮೊದಲ ಯಂತ್ರದಲ್ಲೂ ರಾತ್ರಿ ಪಾಳಿಯಲ್ಲಿ ದೋಷ ವಿರಳ. ರಾತ್ರಿಯ ಆಪರೇಟರ್ ಹೆಚ್ಚು ನುರಿತವನು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಮೂರನೆಯದು ಸಮಯದ್ದು. ಚಿಕ್ಕ ಬೋರ್‌ಗಳು ವಿರಾಮ ಮುಗಿದ ತಕ್ಷಣ ಬರುತ್ತಿರಲಿಲ್ಲ, ಅರ್ಧ ಮುಕ್ಕಾಲು ಗಂಟೆಯ ನಂತರ ಗುಂಪಾಗಿ ಬರುತ್ತಿದ್ದವು. ಇದನ್ನು ಕಂಡುಹಿಡಿಯಲು ಪ್ರತಿ ಭಾಗದ ಮೇಲೂ ಮಾರ್ಕರ್‌ನಿಂದ ಗಂಟೆ, ನಿಮಿಷ ಬರೆಸಿದ್ದೆವು. ತೊಳೆದರೂ ಅಳಿಸದ ಮಾರ್ಕರ್ ಹುಡುಕುವುದೇ ಒಂದು ಕೆಲಸವಾಯಿತು.

ಎರಡನೇ ಸಂಗತಿ ನನ್ನನ್ನು ಬಿಡಲಿಲ್ಲ. ಒಂದು ರಾತ್ರಿ ಪೂರ್ತಿ ಯಂತ್ರದ ಬಳಿ ನಿಂತೆ. ಆತ ಮಾಡುವ ಕೆಲಸದಲ್ಲಿ ಹಗಲಿನವನಿಗಿಂತ ಬೇರೆ ಏನೂ ಕಾಣಲಿಲ್ಲ. ಒಂದೇ ವ್ಯತ್ಯಾಸ: ರಾತ್ರಿ ಜನ ಕಡಿಮೆ, ಆತ ಎರಡು ಯಂತ್ರ ನೋಡಿಕೊಳ್ಳುತ್ತಾನೆ. ತೊಳೆಯುವ ಯಂತ್ರದಿಂದ ಹೊರಬಂದ ಭಾಗ ಆತ ಬರುವವರೆಗೆ ಹತ್ತು ಹದಿನೈದು ನಿಮಿಷ ಕನ್ವೇಯರ್ ಮೇಲೆ ಕಾಯುತ್ತದೆ. ಹಗಲಿನವನು ಅಲ್ಲೇ ನಿಂತಿರುತ್ತಾನೆ, ಬಂದ ಕೂಡಲೇ ಎತ್ತಿ ಏರ್ ಗೇಜಿಗೆ, ಅಂದರೆ ಗಾಳಿ ಹಾಯಿಸಿ ಬೋರ್ ಅಳೆಯುವ ಸಾಧನಕ್ಕೆ, ಹಾಕುತ್ತಾನೆ. ಆಗ ತೊಳೆದು ಆಗಷ್ಟೇ ಹೊರಬಂದ ಭಾಗವನ್ನು ಕೈಗವಸು ಇಲ್ಲದೆ ಹಿಡಿದು ನೋಡಿದೆ. ಬಿಸಿ ಇತ್ತು, ಚೆನ್ನಾಗಿಯೇ ಬಿಸಿ ಇತ್ತು.

ತೊಳೆಯುವ ಬಿಸಿನೀರಿನ ಶಾಖ ಅದು. ಮುಂದಿನದು ಲೆಕ್ಕ. ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 50 ಮಿಲಿಮೀಟರ್ ಬೋರ್‌ಗೆ ಹತ್ತು ಡಿಗ್ರಿ ಹೆಚ್ಚಾದರೆ ಹನ್ನೊಂದೂವರೆ ಮೈಕ್ರಾನ್, ಅಂದರೆ ಸಹನೆಯ ಅರ್ಧದ ಹತ್ತಿರ. ಗೇಜನ್ನು ಹೊಂದಿಸಲು ಬಳಸುವ ಉಕ್ಕಿನ ಮಾಸ್ಟರ್ ರಿಂಗ್ ಕೋಣೆಯ ತಾಪದಲ್ಲಿ ತಣ್ಣಗೆ ಕುಳಿತಿರುತ್ತದೆ. ಬಿಸಿ ಭಾಗ ದೊಡ್ಡದೆಂದು ತೋರಿದಾಗ ಆಪರೇಟರ್ ಆಫ್‌ಸೆಟ್ ಕೊಟ್ಟು, ಅಂದರೆ ಯಂತ್ರದಲ್ಲಿ ಟೂಲಿನ ಅಳತೆ ತಿದ್ದಿ, ಬೋರ್ ಇಳಿಸುತ್ತಾನೆ. ಆ ಭಾಗಗಳು ತಣಿದ ಮೇಲೆ ಜೋಡಣೆಯಲ್ಲಿ ಬಿಗಿಯಾಗುತ್ತವೆ. ವಿರಾಮದಲ್ಲಿ ಕನ್ವೇಯರ್ ಮೇಲೆ ತಣಿದ ಭಾಗ ಚಿಕ್ಕದೆಂದು ತೋರುತ್ತದೆ; ಆಗ ಮತ್ತೆ ಏರಿಸುತ್ತಾನೆ. ಮುಂದಿನ ಬಿಸಿ ಭಾಗ ಬಂದಾಗ ಮತ್ತೆ ಇಳಿಸುತ್ತಾನೆ. ಎಷ್ಟು ಶ್ರದ್ಧೆಯಿಂದ ಅಳೆದು ತಿದ್ದುತ್ತಾನೋ ಅಷ್ಟು ಬೋರ್ ಅಲೆದಾಡುತ್ತದೆ. ತರಬೇತಿಯ ನಂತರ ರಿಜೆಕ್ಷನ್ ಏರಿದ್ದು ಇದಕ್ಕೇ. ಪ್ರತಿ ಸಲ ತಿದ್ದುತ್ತಾ ಹೋದರೆ ವ್ಯತ್ಯಾಸ ಹೆಚ್ಚುತ್ತದೆ ಎಂದು ಗುಣಮಟ್ಟ ತಜ್ಞ ಡೆಮಿಂಗ್ ತಮ್ಮ ಲಾಳಿಕೆ ಪ್ರಯೋಗದಲ್ಲಿ ತೋರಿಸಿದ್ದು ಇದನ್ನೇ, ಆದರೆ ನಮ್ಮ ಲೈನ್‌ನಲ್ಲಿ ಅದು ನಡೆಯುತ್ತಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಎರಡನೇ ಯಂತ್ರದ ಗೇಜ್ ಉದ್ದನೆಯ ಕನ್ವೇಯರ್‌ನ ಕೊನೆಯಲ್ಲಿದೆ. ಅಲ್ಲಿ ಭಾಗ ತಣಿದೇ ತಲುಪುತ್ತದೆ.

“ಗೇಜ್ ಅಧ್ಯಯನ ಪಾಸಾಗಿದೆಯಲ್ಲ, ಅಳತೆಯ ಏರುಪೇರು ಹತ್ತು ಶೇಕಡಾಕ್ಕಿಂತ ಕಡಿಮೆ ಬಂದಿದೆಯಲ್ಲ?” ಎಂದು ಗೇಜ್ ವಿಭಾಗದವರು ದಾಖಲೆ ತಂದರು. ದಾಖಲೆ ನಿಜವೇ. ಅಧ್ಯಯನಕ್ಕೆ ಹಿಂದಿನ ದಿನದ ತಣಿದ ಭಾಗಗಳನ್ನು ಬಳಸಿದ್ದರು. ಗೇಜಿನಲ್ಲಿ ದೋಷವಿರಲಿಲ್ಲ, ಅದಕ್ಕೆ ಕೊಡುತ್ತಿದ್ದ ಭಾಗದ ತಾಪದಲ್ಲಿತ್ತು.

ನನಗೆ ಅತ್ಯಂತ ಹೊಟ್ಟೆ ಉರಿದದ್ದು ಕೆಂಪು ಪೆಟ್ಟಿಗೆಯನ್ನು ಬಿಚ್ಚಿಸಿದಾಗ. ‘ದೊಡ್ಡದು’ ಎಂದು ಎಸೆದಿದ್ದ ನೂರರಷ್ಟು ಭಾಗಗಳನ್ನು 20 ಡಿಗ್ರಿಯ ಅಳತೆ ಕೋಣೆಯಲ್ಲಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಅಳೆಸಿದೆ. ಅರ್ಧಕ್ಕಿಂತ ಹೆಚ್ಚು ಭಾಗಗಳು ಸಹನೆಯೊಳಗೆ ಬಂದವು. ಒಳ್ಳೆಯ ಭಾಗಗಳನ್ನು ತಿಂಗಳುಗಟ್ಟಲೆ ಕರಗಿಸಲು ಕಳಿಸಿದ್ದೆವು. ಆ ಹಣದ ಲೆಕ್ಕ ತೆಗೆದು ಮುಖ್ಯಸ್ಥರ ಮುಂದಿಟ್ಟೆ. ಸ್ಪಿಂಡಲ್‌ಗೆ ಸುರಿದದ್ದಕ್ಕಿಂತ ಅದು ದೊಡ್ಡ ಮೊತ್ತವಾಗಿತ್ತು.

ಆದರೂ ಭಾಗದ ಬಿಸಿಯನ್ನು ನಾಲ್ಕನೇ ಹಂತದಲ್ಲಿ ‘ಕಾರಣ’ ಎಂದು ಬರೆಯಲಿಲ್ಲ. ದೋಷವನ್ನು ಬೇಕೆಂದಾಗ ತರಲು, ಬೇಡವೆಂದಾಗ ನಿಲ್ಲಿಸಲು ಬಂದರೆ ಮಾತ್ರ ಅದು ಕಾರಣ. ಒಂದು ಶಿಫ್ಟ್ ತೊಳೆಯುವ ನೀರಿನ ಹೀಟರ್ ಆರಿಸಿದೆವು: ಚಿಕ್ಕ ಬೋರ್ ಇಲ್ಲ. ಮರುದಿನ ಹಾಕಿದೆವು: ಬಂದವು. ಮತ್ತೆ ಆರಿಸಿದೆವು: ಹೋದವು. ಇನ್ನೊಂದು ಶಿಫ್ಟ್ ಹೀಟರ್ ಹಾಕಿಟ್ಟು, ಆಫ್‌ಸೆಟ್ ಮುಟ್ಟದಂತೆ ಯಂತ್ರಕ್ಕೆ ಬೀಗ ಹಾಕಿಸಿದೆವು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ತಣಿದ ನಂತರ ಅಳೆದಾಗ ಇಡೀ ಶಿಫ್ಟಿನ ಬೋರ್‌ಗಳು ಹನ್ನೆರಡು ಹದಿಮೂರು ಮೈಕ್ರಾನ್ ಅಗಲದೊಳಗೆ ಇದ್ದವು. ಹಳೆಯದೆಂದು ಎಲ್ಲರೂ ದೂರಿದ್ದ ಯಂತ್ರ ಅದೇ. ಅಂದು ಮುಖ್ಯಸ್ಥರು ಏನೂ ಮಾತಾಡದೆ ಆ ಅಳತೆಗಳ ಚಾರ್ಟಿನ ಪ್ರತಿ ತೆಗೆದುಕೊಂಡು ಹೋದರು.

ನಡುವೆ ಒಂದೆರಡು ಅಡ್ಡ ಪ್ರಯೋಗಗಳೂ ನಡೆದವು. ಇನ್‌ಫ್ರಾರೆಡ್ ಗನ್ ತಂದು ತಾಪ ಅಳೆದರೆ, ಕೈ ಸುಡುವ ಭಾಗವನ್ನೂ ಅದು ಕೋಣೆಯ ತಾಪದಲ್ಲಿದೆ ಎನ್ನುತ್ತಿತ್ತು. ಹೊಳೆಯುವ ಅಲ್ಯೂಮಿನಿಯಂ ಶಾಖವನ್ನು ಕಡಿಮೆ ಹೊರಸೂಸುತ್ತದೆ, ಸುತ್ತಲಿನದನ್ನು ಪ್ರತಿಫಲಿಸುತ್ತದೆ. ಮೇಲೆ ಕಪ್ಪು ಟೇಪ್ ತುಂಡು ಅಂಟಿಸಿ ಅಳೆದಾಗ 40 ಡಿಗ್ರಿಗೂ ಮೇಲೆ ತೋರಿತು. ಕನ್ವೇಯರ್ ಮೇಲೆ ದೊಡ್ಡ ಫ್ಯಾನ್ ಹಾಕಿದೆವು. ತೆಳು ಗೋಡೆ ಬೇಗ ತಣಿಯಿತು, ಬೋರ್ ಸುತ್ತಲಿನ ದಪ್ಪ ಭಾಗ ತಣಿಯಲಿಲ್ಲ. ತೊಳೆಯುವ ಮೊದಲೇ ಅಳೆಯೋಣವೆಂದರೆ ಗೇಜಿನ ಗಾಳಿರಂಧ್ರಗಳಿಗೆ ಕೂಲೆಂಟ್ ಮತ್ತು ಸಣ್ಣ ಚಿಪ್ ಸೇರಿದವು. ತಣ್ಣೀರಿನಲ್ಲೇ ತೊಳೆದರೆ ಎಣ್ಣೆ ಹೋಗದೆ ಜೋಡಣೆಯವರು ಒಪ್ಪಲಿಲ್ಲ. ತಣಿಸುವ ಸುರಂಗಕ್ಕೆ ಒಬ್ಬ ಪೂರೈಕೆದಾರ ಕೊಟ್ಟ ದರ ಹೊಸ ಯಂತ್ರದ ಬೆಲೆಯ ಕಾಲುಭಾಗದಷ್ಟಿತ್ತು. ಅದನ್ನು ಅಂದೇ ಬದಿಗಿಟ್ಟೆ.

ಕೊನೆಗೆ ನಿಂತ ಪರಿಹಾರ ಮೂರು ತುಂಡಿನದು. ಕನ್ವೇಯರನ್ನು ಉದ್ದ ಮಾಡಿ ಗೇಜನ್ನು ಕೊನೆಗೆ ಒಯ್ದೆವು. ಒಂದು ಭಾಗದ ಅಳತೆ ನೋಡಿ ಆಫ್‌ಸೆಟ್ ಕೊಡುವಂತಿಲ್ಲ, ಸತತ ಐದು ಭಾಗಗಳ ಸರಾಸರಿ ಗೆರೆ ದಾಟಿದರೆ ಮಾತ್ರ ಕೊಡಬೇಕು ಎಂದು ನಿಯಮ ಮಾಡಿದೆವು. ಉಕ್ಕಿನ ರಿಂಗ್ ಜೊತೆಗೆ, ಅಳತೆ ಕೋಣೆಯಲ್ಲಿ ನಿಖರವಾಗಿ ಅಳೆದಿಟ್ಟ ಒಂದು ಹೌಸಿಂಗನ್ನೇ ಮಾಸ್ಟರ್ ಆಗಿ ಬಳಸುತ್ತೇವೆ; ಅದೂ ಉಳಿದ ಭಾಗಗಳೊಡನೆ ತೊಳೆದು, ಅವುಗಳೊಡನೆ ತಣಿಯುತ್ತದೆ. ಆ ಮಾಸ್ಟರನ್ನು ಯಾವ ಹೊತ್ತಿಗೆ ಲೈನಿಗೆ ಬಿಡುತ್ತೇವೆ, ಅದರ ಮೇಲೆ ಗೇಜ್ ತೋರುವ ಅಳತೆಯನ್ನು ಹೇಗೆ ಬಳಸುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ತಂಡ ಕಷ್ಟಪಟ್ಟು ಗಳಿಸಿದ್ದು. ರಾತ್ರಿ ಪಾಳಿಯ ಆಪರೇಟರ್ ನನ್ನೊಡನೆ ಬಿಚ್ಚುಮನಸ್ಸಿನಿಂದ ಮಾತಾಡುವಂತೆ ಮಾಡಿದ ಮೊದಲ ಪ್ರಶ್ನೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಟ್ಟು ಖರ್ಚು ಒಂದು ತಿಂಗಳ ಸ್ಕ್ರ್ಯಾಪ್ ಹಣವನ್ನೂ ಮುಟ್ಟಲಿಲ್ಲ. ರಿಜೆಕ್ಷನ್ ಸಾವಿರಕ್ಕೆ ಮೂರೋ ನಾಲ್ಕೋ ಆಯಿತು, ಹೆಚ್ಚುವರಿ ಇಬ್ಬರು ತಮ್ಮ ಮೂಲ ಕೆಲಸಕ್ಕೆ ಮರಳಿದರು.

ಹಗಲಿನ ಆಪರೇಟರ್‌ನ ಕಡತದಲ್ಲಿದ್ದ ತರಬೇತಿ ಟಿಪ್ಪಣಿಯನ್ನು ತೆಗೆಸಿದೆ. ದೋಷ ಮರುಕಳಿಸದಂತೆ ತಡೆಯುವ ಏಳನೇ ಹಂತದಲ್ಲಿ ಇದನ್ನೂ ಒಂದು ಸಾಲಾಗಿ ಬರೆದಿದ್ದೇನೆ, ಯಾರು ಪ್ರಶ್ನಿಸಿದರೂ ಅಳಿಸುವುದಿಲ್ಲ.

ಇದೇ ಪದ್ಧತಿಯನ್ನು ಪೂರೈಕೆದಾರರ ಬಿಲ್‌ಗಳು ವಾಪಸಾಗುವ ಸಮಸ್ಯೆಗೂ ಹಚ್ಚಿ ನೋಡಿದೆ. ಎರಡು ಬೇರೆ ಚಲನ್‌ಗಳ ಸರಕು ಒಂದೇ ಬಿಲ್‌ನಲ್ಲಿದ್ದಾಗ ಮಾತ್ರ ಅವು ವಾಪಸಾಗುತ್ತವೆ ಎಂದು ‘ಇದೆ–ಇಲ್ಲ’ ಪಟ್ಟಿ ಎರಡೇ ದಿನದಲ್ಲಿ ತೋರಿಸಿತು. ಆದರೆ ಹಾಕಿ–ಆರಿಸಿ ನೋಡುವ ಪರೀಕ್ಷೆಗೆ ಲೆಕ್ಕಪತ್ರ ವಿಭಾಗ ಇನ್ನೂ ಒಪ್ಪಿಲ್ಲ, ಹಾಗಾಗಿ ಅದು ನಾಲ್ಕನೇ ಹಂತದಲ್ಲೇ ನಿಂತಿದೆ. ಬೋರ್‌ನಲ್ಲಿ ಉಳಿದ ಸಾವಿರಕ್ಕೆ ಮೂರು ನಾಲ್ಕು ಬಹುತೇಕ ಇನ್ಸರ್ಟ್ ಅಂಚು ಮುರಿಯುವುದರಿಂದ ಬರುವವು. ಅವಕ್ಕೆ ಈ ವರ್ಷ ತಂಡ ಕಟ್ಟುವುದಿಲ್ಲ. ಅದರಲ್ಲಿ ಉಳಿಯುವ ಹಣಕ್ಕಿಂತ ತಂಡದ ಸಮಯವೇ ದುಬಾರಿ.