ಟಾಮ್‌ಕ್ಯಾಟ್‌ಗೆ ಆಪರೇಟಿಂಗ್ ಸಿಸ್ಟಂ ಆರಿಸುವಾಗ ನಾನು ನೋಡಿದ್ದು

ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ಗೆ 2024ರ ಜೂನ್ 30ಕ್ಕೆ ಸೆಕ್ಯುರಿಟಿ ಪ್ಯಾಚ್ ನಿಂತಿತು. ಅದರ ಮೇಲೆ ಓಡುತ್ತಿದ್ದ ಟಾಮ್‌ಕ್ಯಾಟ್ 9 (ಜಾವಾ ವೆಬ್ ಆ್ಯಪ್‌ಗಳನ್ನು ಓಡಿಸುವ ಸರ್ವರ್), ಜಾವಾ 8ರ ಆ್ಯಪ್ ಅನ್ನು ಬೇರೆಡೆಗೆ ಸಾಗಿಸಬೇಕಿತ್ತು. ಅಲ್ಮಾಲಿನಕ್ಸ್ 9, ಉಬುಂಟು 22.04, ಡೆಬಿಯನ್ 12, ವಿಂಡೋಸ್ ಸರ್ವರ್ ಈ ನಾಲ್ಕನ್ನು ಪರೀಕ್ಷೆಗೆ ಇಟ್ಟುಕೊಂಡೆ. ಕೊನೆಗೆ ಉಳಿಸಿಕೊಂಡದ್ದು ಅಲ್ಮಾಲಿನಕ್ಸ್.

ಯಾವುದು ವೇಗ ಎಂದು ಅಳೆಯುವ ಗೋಜಿಗೆ ಹೋಗಲಿಲ್ಲ. ಜೆಡಿಕೆ (ಜಾವಾದ ಸಾಧನಗಳ ಕಟ್ಟು) ಒಂದೇ, ಹೀಪ್ (ಆ್ಯಪ್‌ನ ಡೇಟಾಗೆ ಜಾವಾ ಮೀಸಲಿಡುವ ಮೆಮೊರಿ) ಒಂದೇ ಆದರೆ ಸಾಮಾನ್ಯ ವೆಬ್ ಆ್ಯಪ್‌ನಲ್ಲಿ ಲಿನಕ್ಸ್‌ಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗುವುದಿಲ್ಲ. ರಾತ್ರಿ ಎಬ್ಬಿಸುವುದು ಬೇರೆ ಸಂಗತಿಗಳು: ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ಎಂಜಿನ್) ಸುತ್ತ ಓಎಸ್ ನಮ್ಮನ್ನು ಕೇಳದೆ ಇಟ್ಟಿರುವ ಸೆಟ್ಟಿಂಗ್‌ಗಳು. ಹಾಗಾಗಿ ಅವನ್ನೇ ಒಂದೊಂದಾಗಿ ನೋಡಿದೆ.

ಮೊದಲು ಜಾವಾ ಆವೃತ್ತಿ. ಡೆಬಿಯನ್ 12ರ ರೆಪೊದಲ್ಲಿ (ಪ್ಯಾಕೇಜ್ ಭಂಡಾರದಲ್ಲಿ) ಇರುವುದು ಜಾವಾ 17, ಜೊತೆಗೆ ಟಾಮ್‌ಕ್ಯಾಟ್ 10. ಟಾಮ್‌ಕ್ಯಾಟ್ 10ರಲ್ಲಿ ಸರ್ವ್ಲೆಟ್ (ವೆಬ್ ಬೇಡಿಕೆಗೆ ಉತ್ತರಿಸುವ ಜಾವಾ ಕೋಡ್) ಪ್ಯಾಕೇಜುಗಳ ಹೆಸರು 'ಜಾವಾಎಕ್ಸ್'ನಿಂದ 'ಜಕಾರ್ತಾ'ಕ್ಕೆ ಬದಲಾಗಿದೆ. 9ಕ್ಕೆ ಕಟ್ಟಿದ ವಾರ್ ಫೈಲನ್ನು (ಆ್ಯಪ್ ಕಟ್ಟಿಟ್ಟ ಫೈಲ್) ಹಾಗೇ ಹಾಕಿದರೆ ಕ್ಲಾಸ್ ಸಿಗಲಿಲ್ಲ ಎಂದು ಬೀಳುತ್ತದೆ. ಉಬುಂಟು 22.04ರಲ್ಲಿ ಜಾವಾ 8, ಟಾಮ್‌ಕ್ಯಾಟ್ 9 ಎರಡೂ ಇವೆ. ಆದರೆ ಎರಡೂ ಸಮುದಾಯ ನೋಡಿಕೊಳ್ಳುವ 'ಯೂನಿವರ್ಸ್' ವಿಭಾಗದವು. ಅವುಗಳ ಪ್ಯಾಚ್ ಭರವಸೆಯಿಂದ ಬೇಕಿದ್ದರೆ ಉಬುಂಟು ಪ್ರೊ ಚಂದಾಗೆ ಸೇರಬೇಕು. ಅಲ್ಮಾ 9ರಲ್ಲಿ ಜಾವಾ 8, 11, 17 ಮೂರೂ ಇವೆ. ಓಎಸ್‌ಗೆ ಪ್ಯಾಚ್ 2032ರ ಮೇ ತನಕ, ಆದರೆ ಜಾವಾ ಆವೃತ್ತಿಗಳ ಪ್ಯಾಚ್ ಅದಕ್ಕಿಂತ ಮೊದಲೇ ನಿಲ್ಲುತ್ತದೆ. ಟಾಮ್‌ಕ್ಯಾಟ್ ಮಾತ್ರ ಅಪಾಚೆಯಿಂದ ನೇರವಾಗಿ ತಂದು 'ಆಪ್ಟ್' ಡೈರೆಕ್ಟರಿಯಲ್ಲಿ ಇಟ್ಟೆ. ಆಗ ಓಎಸ್ ಅಪ್‌ಡೇಟ್‌ಗೂ ಟಾಮ್‌ಕ್ಯಾಟ್ ಅಪ್‌ಡೇಟ್‌ಗೂ ಗಂಟು ಬೀಳುವುದಿಲ್ಲ.

ಕಂಟೈನರ್ (ಆ್ಯಪ್ ಅನ್ನು ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆ) ಬಳಸುವವರು ಇದನ್ನು ಬಿಡದೆ ನೋಡಬೇಕು. ಅಲ್ಮಾ 9, ಉಬುಂಟು 22.04, ಡೆಬಿಯನ್ 12 ಮೂರೂ ಸಿಗ್ರೂಪ್ (ಪ್ರೋಗ್ರಾಂಗಳಿಗೆ ಮೆಮೊರಿ ಮುಂತಾದ ಮಿತಿ ಹಾಕುವ ಕರ್ನಲ್ ವ್ಯವಸ್ಥೆ) ಎರಡನೇ ಆವೃತ್ತಿಗೆ ಬಂದಿವೆ. ಜಾವಾ 8 ಅದನ್ನು ಓದಲು ಕಲಿತದ್ದು ಅಪ್‌ಡೇಟ್ 372ರಲ್ಲಿ, ಜಾವಾ 11 ಕಲಿತದ್ದು 11.0.16ರಲ್ಲಿ. ಅದಕ್ಕಿಂತ ಹಳೆಯ ಜೆಡಿಕೆಗೆ ಕಂಟೈನರ್‌ನ ಮಿತಿ ಕಾಣುವುದೇ ಇಲ್ಲ. ಯಂತ್ರದಲ್ಲಿ 32 ಜಿಬಿ ಇದೆ, ಕಂಟೈನರ್‌ಗೆ 2 ಜಿಬಿ ಕೊಟ್ಟಿದ್ದೀರಿ ಎನ್ನಿ. ಜೆವಿಎಂ ಒಟ್ಟು ಮೆಮೊರಿಯ ಕಾಲು ಭಾಗ, ಅಂದರೆ 8 ಜಿಬಿ, ತನ್ನ ಹೀಪ್ ಎಂದುಕೊಳ್ಳುತ್ತದೆ. 2 ಜಿಬಿ ದಾಟಿದ ಕ್ಷಣ ಕರ್ನಲ್ ಅದನ್ನು ಕೊಲ್ಲುತ್ತದೆ, ಎಕ್ಸಿಟ್ ಕೋಡ್ 137. ಜಾವಾ ಲಾಗ್‌ನಲ್ಲಿ ಒಂದು ಸಾಲೂ ಇರುವುದಿಲ್ಲ. 'ಪ್ರಿಂಟ್‌ಫ್ಲ್ಯಾಗ್ಸ್‌ಫೈನಲ್' ಕೊಟ್ಟು 'ಮ್ಯಾಕ್ಸ್‌ಹೀಪ್‌ಸೈಜ್' ಎಷ್ಟಿದೆ ಎಂದು ಕಂಟೈನರ್ ಒಳಗಿನಿಂದಲೇ ನೋಡಿ.

ಕನ್ನಡ ಪಠ್ಯ ಇರುವ ಆ್ಯಪ್‌ಗೆ ಲೊಕೇಲ್ (ಓಎಸ್‌ನ ಭಾಷೆ, ಅಕ್ಷರಗಳ ಸೆಟ್ಟಿಂಗ್) ಪರೀಕ್ಷೆ ತಪ್ಪಿಸುವಂತಿಲ್ಲ. ಸರ್ವಿಸ್‌ಗೆ 'ಲ್ಯಾಂಗ್' ವೇರಿಯಬಲ್ ಸಿಗದಿದ್ದರೆ ಜಾವಾ 8 ಬರೀ ಆಸ್ಕಿ (ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಸಂಕೇತ) ಎಂದು ತಿಳಿಯುತ್ತದೆ. 'ಅರ್ಜಿ' ಎಂದು ಫೈಲಿಗೆ ಬರೆದರೆ ಐದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ: ಅ, ರ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಜ, ಇಕಾರದ ಗುಣಿತ, ಒಂದೊಂದಕ್ಕೂ ಒಂದು. ಮೂಲ ಅಕ್ಷರ ಮರಳಿ ಬರುವುದಿಲ್ಲ. ಜಾವಾ 18ರಿಂದ ಪಠ್ಯಕ್ಕೆ ಯುಟಿಎಫ್-8 ತಾನಾಗಿಯೇ ಇದೆ, ಆದರೆ ಫೈಲಿನ ಹೆಸರಿಗೆ ಈಗಲೂ ಲೊಕೇಲೇ ಆಧಾರ. ಕನ್ನಡ ಹೆಸರಿನ ಫೈಲ್ ಅಪ್‌ಲೋಡ್ ಮಾಡಿದಾಗ 'ಇನ್‌ವ್ಯಾಲಿಡ್‌ಪಾತ್‌ಎಕ್ಸೆಪ್ಶನ್' ಬಂದರೆ ಕಾರಣ ಇದೇ. 'ಫೈಲ್.ಎನ್‌ಕೋಡಿಂಗ್' ಫ್ಲ್ಯಾಗ್ ಹಾಕಿ ಇದು ಸರಿಹೋಗುವುದಿಲ್ಲ. ಸಿಸ್ಟಂಡಿ (ಸರ್ವಿಸ್‌ಗಳನ್ನು ಆರಂಭಿಸಿ ನಿಲ್ಲಿಸುವ ವ್ಯವಸ್ಥೆ) ಯೂನಿಟ್ ಫೈಲಿನಲ್ಲೇ ಲ್ಯಾಂಗ್ ಅನ್ನು 'ಸಿ.ಯುಟಿಎಫ್-8' ಮಾಡಬೇಕು. ಕನ್ನಡದ ಪಿಡಿಎಫ್ ವರದಿ ತೆಗೆಯುವುದಿದ್ದರೆ ಫಾಂಟ್‌ಕಾನ್ಫಿಗ್ ಮತ್ತು ಲೋಹಿತ್ ಕನ್ನಡ ಫಾಂಟ್ ಸಹ ಹಾಕಿ. ಕನಿಷ್ಠ ಇನ್‌ಸ್ಟಾಲ್‌ನಲ್ಲಿ ಅವು ಇರುವುದಿಲ್ಲ.

ಅಲ್ಮಾದಲ್ಲಿ ಇನ್ನೆರಡು ಕಡೆ ಎಚ್ಚರ ಬೇಕು. ಎಸ್‌ಇಲಿನಕ್ಸ್ (ಪ್ರೋಗ್ರಾಂಗಳಿಗೆ ಕಡಿವಾಣ ಹಾಕುವ ಭದ್ರತಾ ವ್ಯವಸ್ಥೆ) ಚಾಲೂ ಇರುವುದರಿಂದ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್‌ನಿಂದ ಟಾಮ್‌ಕ್ಯಾಟ್‌ನ 8080 ಪೋರ್ಟ್‌ಗೆ ಪ್ರಾಕ್ಸಿ ಕೊಟ್ಟರೆ 502 ದೋಷ ಬರುತ್ತದೆ, ಲಾಗ್‌ನಲ್ಲಿ 'ಪರ್ಮಿಶನ್ ಡಿನೈಡ್'. ಎಚ್‌ಟಿಟಿಪಿಡಿಗೆ (ವೆಬ್ ಸರ್ವರ್‌ಗೆ ಎಸ್‌ಇಲಿನಕ್ಸ್‌ನಲ್ಲಿರುವ ಹೆಸರು) ನೆಟ್‌ವರ್ಕ್ ಕನೆಕ್ಟ್ ಕೊಡುವ ಬೂಲಿಯನ್ (ಆನ್-ಆಫ್ ಸ್ವಿಚ್) ಒಂದನ್ನು ಶಾಶ್ವತವಾಗಿ ಆನ್ ಮಾಡಿದರೆ ಸಾಕು. ಇದಕ್ಕಾಗಿ ಎಸ್‌ಇಲಿನಕ್ಸ್ ಅನ್ನೇ ಆಫ್ ಮಾಡುವುದು ತಪ್ಪು. ಎರಡನೆಯದು ಸ್ವಲ್ಪ ಗೂಢ: 'ಟಿಎಂಪಿ' ಡೈರೆಕ್ಟರಿಯಲ್ಲಿ 10 ದಿನ ಮುಟ್ಟದ ಫೈಲುಗಳನ್ನು ಸಿಸ್ಟಂಡಿ ಗುಡಿಸಿಬಿಡುತ್ತದೆ. ಸ್ಪ್ರಿಂಗ್ ಬೂಟ್ (ಜಾವಾ ಆ್ಯಪ್ ಕಟ್ಟುವ ಚೌಕಟ್ಟು) ಒಳಗಿನ ಟಾಮ್‌ಕ್ಯಾಟ್ ಅಪ್‌ಲೋಡ್‌ಗೆ ಇಟ್ಟುಕೊಂಡ ಡೈರೆಕ್ಟರಿಯೂ ಅಲ್ಲೇ ಇರುತ್ತದೆ. ಹಳೆಯ ಸ್ಪ್ರಿಂಗ್ ಬೂಟ್ ಆವೃತ್ತಿಗಳಲ್ಲಿ ಎರಡು ವಾರ ಚೆನ್ನಾಗಿದ್ದ ಅಪ್‌ಲೋಡ್ ಇದ್ದಕ್ಕಿದ್ದಂತೆ ಕೆಡುತ್ತದೆ, ರೀಸ್ಟಾರ್ಟ್ ಮಾಡಿದರೆ ಸರಿ. ತಾತ್ಕಾಲಿಕ ಡೈರೆಕ್ಟರಿಯನ್ನು ಆ್ಯಪ್‌ನ ಸ್ವಂತ ಜಾಗಕ್ಕೆ ಸಾಗಿಸಿ.

ಡೆಬಿಯನ್, ಉಬುಂಟುಗಳ ಟಾಮ್‌ಕ್ಯಾಟ್ ಪ್ಯಾಕೇಜ್ ಬಳಸುವವರಿಗೆ ಬೇರೆ ತೊಡಕು. ಅದರ ಯೂನಿಟ್‌ನಲ್ಲಿ 'ಪ್ರೊಟೆಕ್ಟ್‌ಸಿಸ್ಟಂ' ಕಟ್ಟುನಿಟ್ಟಾಗಿದೆ. ಆ್ಯಪ್ ಬೇರೆ ಡೈರೆಕ್ಟರಿಗೆ ಬರೆಯಹೊರಟರೆ, ಪರ್ಮಿಶನ್ ಎಷ್ಟೇ ಸಡಿಲಿಸಿದರೂ 'ರೀಡ್-ಓನ್ಲಿ ಫೈಲ್ ಸಿಸ್ಟಂ' ಎನ್ನುತ್ತದೆ. 'ರೀಡ್‌ರೈಟ್‌ಪಾತ್ಸ್' ಸಾಲಿಗೆ ಆ ದಾರಿ ಸೇರಿಸಬೇಕು.

ವಿಂಡೋಸ್ ಬಿಟ್ಟದ್ದು ಜಾರ್ ಫೈಲ್ (ಜಾವಾ ಕೋಡ್ ಕಟ್ಟಿಟ್ಟ ಫೈಲ್) ಲಾಕ್ ಆಗುತ್ತದೆಂದು: ಆ್ಯಪ್ ತೆಗೆದು ಮತ್ತೆ ಹಾಕುವಾಗ ಹಳೆಯ ಡೈರೆಕ್ಟರಿ ಅರ್ಧ ಉಳಿದುಬಿಡುತ್ತದೆ. ಕಂಟೈನರ್‌ಗೆ ಆಲ್ಪೈನ್ ಲಿನಕ್ಸ್ ಚಿಕ್ಕದು ನಿಜ, ಆದರೆ ಅದರದು ಮಸಲ್ ಸಿ ಲೈಬ್ರರಿ. ಸಾಮಾನ್ಯ ಲಿನಕ್ಸ್‌ಗಳ ಜಿಲಿಬ್‌ಸಿಗೆ ಕಟ್ಟಿದ ನೇಟಿವ್ ಲೈಬ್ರರಿ ಒಂದಿದ್ದರೂ ಲೋಡ್ ಆಗದೆ ನಿಲ್ಲಬಹುದು.

ಅಲ್ಮಾದ ಯೂನಿಟ್ ನಾನೇ ಬರೆದೆ. ಓಪನ್ ಫೈಲ್ ಮಿತಿ 65535 ಎಂದು 'ಲಿಮಿಟ್‌ನೋಫೈಲ್' ಸಾಲಿನಲ್ಲೇ ಹಾಕಿದೆ, ಏಕೆಂದರೆ 'ಲಿಮಿಟ್ಸ್.ಕಾನ್ಫ್'ನಲ್ಲಿ ಬರೆದದ್ದು ಲಾಗಿನ್ ಆದವರಿಗೆ ಮಾತ್ರ, ಸರ್ವಿಸ್‌ಗೆ ಅನ್ವಯಿಸುವುದಿಲ್ಲ. 8 ಜಿಬಿ ಯಂತ್ರದಲ್ಲಿ ಹೀಪ್ 4 ಜಿಬಿ, ಕನಿಷ್ಠ ಗರಿಷ್ಠ ಎರಡೂ ಅಷ್ಟೇ. ಉಳಿದದ್ದು ಮೆಟಾಸ್ಪೇಸ್ (ಕ್ಲಾಸ್‌ಗಳ ವಿವರ ಇಡುವ ಮೆಮೊರಿ), 200 ಥ್ರೆಡ್‌ಗಳ ಸ್ಟ್ಯಾಕ್, ಓಎಸ್‌ನ ಫೈಲ್ ಕ್ಯಾಶ್‌ಗೆ ಬೇಕು. ಜೊತೆಗೆ 'ಸಕ್ಸಸ್‌ಎಕ್ಸಿಟ್‌ಸ್ಟೇಟಸ್' 143. ಇದಿಲ್ಲದಿದ್ದರೆ ನಾವೇ ಸರಿಯಾಗಿ ನಿಲ್ಲಿಸಿದ ಟಾಮ್‌ಕ್ಯಾಟ್ ಅನ್ನೂ ಸಿಸ್ಟಂಡಿ 'ಫೇಲ್ಡ್' ಎಂದು ತೋರಿಸಬಹುದು.