ಪುಟ್ಟ ಕಂಪ್ಯೂಟರ್ ಬೂಟ್ ಆಗ್ತಿಲ್ವಾ? ಸೀರಿಯಲ್ ಕನ್ಸೋಲ್ ಹಾಕಿ ನೋಡಿ

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಭತ್ತದ ತೇವಾಂಶ ದಾಖಲಿಸಲು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಕೂರಿಸಿದ್ದೀರಿ ಅಂದುಕೊಳ್ಳಿ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಒಳಗೆ ಹೋಗಲು ವೈಫೈ ಒಂದೇ ದಾರಿ. ಕರೆಂಟ್ ಹೋಗಿ ಬಂತು. ಲೈಟ್ ಉರಿಯುತ್ತಿದೆ, ಆದರೆ ನೆಟ್‌ವರ್ಕ್‌ಗೆ ಬರುತ್ತಿಲ್ಲ. ಇಂಥ ಹೊತ್ತಲ್ಲಿ ತೌಡಿನ ಧೂಳಿನ ಮಧ್ಯೆ ಮಾನಿಟರ್ ಹೊತ್ತುಕೊಂಡು ಹೋಗೋದಕ್ಕಿಂತ ಒಂದು ಲ್ಯಾಪ್‌ಟಾಪ್, ಮೂರು ತಂತಿ ಒಯ್ಯುವುದು ಎಷ್ಟೋ ಮೇಲು. ಪೈ ಬೂಟ್ ಆಗುವಾಗಿನ ಮೆಸೇಜ್ ಆ ತಂತಿಗಳ ಮೂಲಕ ಲ್ಯಾಪ್‌ಟಾಪ್‌ನಲ್ಲಿ ಓದಿ, ಅಲ್ಲಿಂದಲೇ ಟೈಪ್ ಮಾಡುವ ದಾರಿಗೇ ಸೀರಿಯಲ್ ಕನ್ಸೋಲ್ ಅನ್ನೋದು.

ಮೊದಲು ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ ತಗೊಳ್ಳಿ, ಅಂದರೆ ಲ್ಯಾಪ್‌ಟಾಪಿನ ಯುಎಸ್‌ಬಿಯನ್ನು ಪೈ ಪಿನ್‌ಗಳಿಗೆ ಜೋಡಿಸುವ ಪುಟ್ಟ ಸಾಧನ. ಅದರ ಚಿಪ್ ಸಿಪಿ2102 ಆಗಲಿ, ಸಿಎಚ್340 ಆಗಲಿ, ಎರಡೂ ನಡೆಯುತ್ತವೆ. ಸಿಗ್ನಲ್ ಮಾತ್ರ 3.3 ವೋಲ್ಟ್ ಇರಲೇಬೇಕು. ಪೈ ಪಿನ್‌ಗಳು 5 ವೋಲ್ಟ್ ತಡೆಯುವುದಿಲ್ಲ. ಹಳೇ ಪಿಸಿಯ ಆರ್‌ಎಸ್-232 ಪೋರ್ಟ್ ಅಂತೂ ಇನ್ನೂ ಜಾಸ್ತಿ ವೋಲ್ಟೇಜಿನದು, ಅದನ್ನು ನೇರವಾಗಿ ಕೊಟ್ಟರೆ ಬೋರ್ಡ್ ಸುಟ್ಟೇ ಹೋಗಬಹುದು.

ಪೈ ಆಫ್ ಮಾಡಿ. ಯುಎಸ್‌ಬಿ ಪೋರ್ಟ್‌ಗಳಿಂದ ದೂರದ ತುದಿಯಲ್ಲಿ, ಬೋರ್ಡಿನ ಅಂಚಿಗಿರುವ ಪಿನ್ ಸಾಲು ನೋಡಿ. ಈ ಸಾಲಿನಲ್ಲಿ ಸಮಸಂಖ್ಯೆಯ ಪಿನ್‌ಗಳು ಮಾತ್ರ. ಮೊದಲ ಎರಡು (2, 4) 5 ವೋಲ್ಟ್, ಅವನ್ನು ಮುಟ್ಟಬೇಡಿ. ಆಮೇಲಿನ ಮೂರೇ ನಮಗೆ ಬೇಕಾದವು: ಪಿನ್ 6 ಗ್ರೌಂಡ್, 8 ಟಿಎಕ್ಸ್ (ಕಳಿಸುವುದು), 10 ಆರ್‌ಎಕ್ಸ್ (ಪಡೆಯುವುದು). ಗ್ರೌಂಡ್‌ಗೆ ಗ್ರೌಂಡ್ ಸೇರಿಸಿ. ಉಳಿದೆರಡು ಅದಲು ಬದಲು, ಅಂದರೆ ಪೈ ಟಿಎಕ್ಸ್ ಅಡಾಪ್ಟರಿನ ಆರ್‌ಎಕ್ಸ್‌ಗೆ, ಅದರ ಟಿಎಕ್ಸ್ ಪೈ ಆರ್‌ಎಕ್ಸ್‌ಗೆ. ಅಡಾಪ್ಟರಿನ ಪವರ್ ತಂತಿ ಬೇಡವೇ ಬೇಡ, ಪೈಗೆ ಅದರದೇ ಸಪ್ಲೈ ಇದೆಯಲ್ವಾ.

ಪೈ ಒಳಗೆ ಕನ್ಸೋಲ್ ಆನ್ ಆಗಿರಬೇಕು. ಪೈನ ಸೆಟ್ಟಿಂಗ್ಸ್ ಮೆನುವಾದ ರಾಸ್ಪಿ-ಕಾನ್ಫಿಗ್‌ನ ಇಂಟರ್‌ಫೇಸ್ ಆಪ್ಷನ್ಸ್‌ನಲ್ಲಿ ಸೀರಿಯಲ್ ಪೋರ್ಟ್ ಆರಿಸಿ, ಲಾಗಿನ್ ಶೆಲ್ ಬೇಕಾ ಅಂತ ಕೇಳಿದಾಗ ಯೆಸ್ ಕೊಟ್ಟು ರೀಬೂಟ್ ಮಾಡಿ. ಯಂತ್ರ ಕೆಟ್ಟ ಮೇಲೆ ಈ ಮೆನು ಎಲ್ಲಿಂದ ಬರಬೇಕು? ಅದಕ್ಕೇ ಇದನ್ನು ಮೊದಲ ದಿನವೇ ಮಾಡಿಡಿ.

ವಿಂಡೋಸ್‌ನಲ್ಲಿ ಪುಟ್ಟಿ (PuTTY) ಎಂಬ ಪ್ರೋಗ್ರಾಂ ತೆರೆದು ಸೀರಿಯಲ್ ಆರಿಸಿ, ಡಿವೈಸ್ ಮ್ಯಾನೇಜರ್ ತೋರಿಸುವ ಕಾಮ್ ನಂಬರ್ ಹಾಕಿ, ಸ್ಪೀಡ್ 115200 ಕೊಡಿ, ಫ್ಲೋ ಕಂಟ್ರೋಲ್ None ಮಾಡಿ. ಲಿನಕ್ಸ್‌ನಲ್ಲಿ ಸ್ಕ್ರೀನ್ (screen) ಅಥವಾ ಮಿನಿಕಾಮ್ ಎಂಬ ಪ್ರೋಗ್ರಾಂ ಸಾಕು. ಪರ್ಮಿಷನ್ ಇಲ್ಲ ಅಂದರೆ ನಿಮ್ಮ ಯೂಸರ್‌ನ್ನು ಡಯಲ್‌ಔಟ್ ಗ್ರೂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ.

ಈಗ ಪೈ ಆನ್ ಮಾಡಿ. ಸಾಲು ಸಾಲಾಗಿ ಮೆಸೇಜ್ ಓಡಿ ಕೊನೆಗೆ ಲಾಗಿನ್ ಕೇಳಬೇಕು. ಏನೂ ಬರದಿದ್ದರೆ ಟಿಎಕ್ಸ್, ಆರ್‌ಎಕ್ಸ್ ತಿರುಗಿಸಿ ನೋಡಿ. ಚಿತ್ರವಿಚಿತ್ರ ಅಕ್ಷರ ಬಂದರೆ ಸ್ಪೀಡ್ ತಪ್ಪಿದೆ, ಇಲ್ಲವೇ ಗ್ರೌಂಡ್ ಸಡಿಲ. ಮೆಸೇಜ್ ಬರುತ್ತಿದೆ, ನೀವು ಟೈಪ್ ಮಾಡಿದ್ದು ಮಾತ್ರ ಹೋಗುತ್ತಿಲ್ಲ ಅಂದರೆ ಮಿನಿಕಾಮ್‌ನ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಮೇಲೆ ನನ್ನ ಮೊದಲ ಅನುಮಾನ, ಅದನ್ನು ಆಫ್ ಮಾಡಿ. ಮೆಸೇಜ್ ಓಡುತ್ತಾ ರೂಟ್ (ಸಿಸ್ಟಮ್ ಫೈಲ್‌ಗಳಿರುವ ಭಾಗ) ಮೌಂಟ್ ಆಗಲಿಲ್ಲ ಅಂತ ಹೇಳಿ ನಿಂತಿತಾ? ಹಾಗಾದರೆ ವೈಫೈ ಬಿಟ್ಟು ಎಸ್‌ಡಿ ಕಾರ್ಡ್ ನೋಡಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡಿನ ಫೈಲ್‌ಸಿಸ್ಟಮ್ ಕೆಡುವುದುಂಟು.

ಡಬ್ಬಿ ಮುಚ್ಚುವ ಮುಂಚೆ ಮೂರೂ ತಂತಿ ಹೊರಗೆ ಬಿಟ್ಟು, ತುದಿಗೆ ಟೇಪ್ ಸುತ್ತಿ, ಯಾವುದು ಯಾವ ಪಿನ್ ಅಂತ ಬರೆದಿಡಿ.